ಕುದ್ರುವಿಗೆ ಎರಡನೇ ದಾರಿ

ಅವರ ಬಲ ಅಂಗೈಯ ನಡುವೆ, ಹೆಬ್ಬೆರಳ ಬುಡದಿಂದ ಕಿರುಬೆರಳಿನವರೆಗೆ, ಬಿಳಿಯ ಗೆರೆಯೊಂದಿತ್ತು. ಎಂದೋ ತಂತಿ ಎಳೆಯುವಾಗ ಜಾರಿ ಕೊಯ್ದ ಗಾಯ ಮಾಗಿ ಉಳಿದ ಗುರುತು. ಉದ್ಯಾವರದ ಆಸುಪಾಸಿನ ನಮಗೆಲ್ಲ ಆ ಅಂಗೈ ಅವರ ಮುಖಕ್ಕಿಂತ ಚೆನ್ನಾಗಿ ಗೊತ್ತು. ಏಕೆಂದರೆ ಎಲ್ಲಿ ಏನನ್ನು ಚಿತ್ರೀಕರಿಸಲು ಹೋದರೂ, ಕ್ಯಾಮೆರಾ ಚಾಲೂ ಮಾಡಿದ ಮೇಲೆಯೇ ಅವರಿಗೆ ಲೆನ್ಸ್ ಒರೆಸುವ ನೆನಪಾಗುತ್ತಿತ್ತು. ಶಾಲೆಯ ವಾರ್ಷಿಕೋತ್ಸವವಿರಲಿ, ಕಾರ್ಕಳದ ಕಡೆಯ ಯಕ್ಷಗಾನವಿರಲಿ, ಇಗರ್ಜಿಯ ಮದುವೆಯಿರಲಿ, ಎಲ್ಲದರ ಮೊದಲ ದೃಶ್ಯ ಒಂದೇ. ಪರದೆ ತುಂಬ ಒಂದು ಅಂಗೈ, ಅಡ್ಡಕ್ಕೆ ಬಿಳಿ ಗೆರೆ, ಆಮೇಲೆ ಒರೆಸುವ ಬೈರಾಸು ಟವೆಲಿನ ಚೌಕುಳಿ, ಹಿಂದಿನಿಂದ ಅವರ ಗಡಸು ದನಿ: "ಎದುರಿನವರು ಸ್ವಲ್ಪ ಕೂತ್ಕೊಳ್ಳಿ, ಹಿಂದಿನವರಿಗೆ ಕಾಣುವುದಿಲ್ಲ."

ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಇವರು ಕೇಬಲ್ ಬಾಯಮ್ಮ. ಗಂಡ ಕೊಲ್ಲಿಯಿಂದ ಮರಳಿ ಬಂದು, ಅಂಗಳದಲ್ಲಿ ದೊಡ್ಡ ಡಿಶ್ ನಿಲ್ಲಿಸಿ, ಊರಿಗೆ ಟಿವಿ ಲೈನ್ ಎಳೆದಿದ್ದರಂತೆ. ಗಂಡ ತೀರಿಕೊಂಡಾಗ ಎಲ್ಲರೂ ಮಾರಿಬಿಡಿ ಎಂದರು. ಬಾಯಮ್ಮ ಗಂಡನ ಹಳೆಯ ಪ್ಯಾಂಟನ್ನು ನೈಟಿಯೊಳಗೆ ತೊಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ಏಣಿ ಹತ್ತಿದರು. ಬಿದಿರಿನ ಏಣಿ. ಹಗುರವಾದ ಅಲ್ಯೂಮಿನಿಯಂ ಏಣಿ ತರಿಸೋಣ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. "ಅದರಲ್ಲಿ ಕರೆಂಟು ಓಡ್ತದೆ. ಬಿದಿರಿನಲ್ಲಿ ನಾನು ಮಾತ್ರ ಓಡ್ತೇನೆ" ಎನ್ನುತ್ತಿದ್ದರು. ಈಗ ನಾನು ಏಣಿಯ ಬಗ್ಗೆ ಮಾತಾಡುವುದಿಲ್ಲ. ಬಿದಿರಿನ ಗಂಟು ಅಂಗೈಗೆ ಒತ್ತಿದ ಆ ಮಧ್ಯಾಹ್ನ ನನ್ನ ಕೈಯಿಂದ ಇನ್ನೂ ಹೋಗಿಲ್ಲ.

ನನಗೆ ಅವರ ಪರಿಚಯವಾದದ್ದು ನಾನಿನ್ನೂ ಶಾಲೆಯ ಹುಡುಗಿ, ನಾವು ಶೆಡ್ಡುಗಳ ಸಾಲಿನಲ್ಲಿದ್ದಾಗ. ಅಪ್ಪ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ತಗಡಿನ ಆ ಶೆಡ್ಡುಗಳಿಗೆ ಯಾರೂ ಲೈನ್ ಕೊಡುತ್ತಿರಲಿಲ್ಲ. ಇಂದು ಇದ್ದವರು ನಾಳೆ ಇರುವುದಿಲ್ಲ ಎಂಬ ಲೆಕ್ಕ. ಬಾಯಮ್ಮ ಒಂದು ದಿನ ಬಂದು, ಸಾಲಿನ ಕೊನೆಯ ಕಂಬಕ್ಕೆ ಏಣಿ ಒರಗಿಸಿ, ನನ್ನ ಅವ್ವನನ್ನು ಕೇಳಿದರು.

"ನಿಮಗೆ ನೋಡ್ಲಿಕ್ಕೆ ಎಂತ ಬೇಕು?"

ಅವ್ವನಿಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ನಮಗೇನ್ರೀ, ಬಂದದ್ದ ನೋಡ್ತೀವಿ."

"ಬಂದದ್ದು ಹೇಗೂ ಬರ್ತದೆ. ಬೇಕಾದ್ದು ಎಂತ?"

ಅವ್ವ ಸೆರಗು ಹಿಡಿದುಕೊಂಡು ನಿಂತಳು. ಆಮೇಲೆ ಮೆಲ್ಲಗೆ ಅಂದಳು, "ನಮ್ಮೂರ ಗುಡಿಯಾಗ ಶನಿವಾರ ಭಜನಿ ಮಾಡ್ತಾರ್ರೀ. ಅದನ್ನೊಮ್ಮಿ ಕೇಳಬೇಕ ಅನಸ್ತೈತಿ."

ಮುಂದಿನ ಸಲ ಊರಿಗೆ ಹೊರಟ ಅಪ್ಪನ ಕೈಗೆ ಬಾಯಮ್ಮ ಸಣ್ಣ ಕ್ಯಾಮೆರಾ ಕೊಟ್ಟು, ಒತ್ತುವ ಗುಂಡಿ ತೋರಿಸಿ ಕಳಿಸಿದರು. ಅಪ್ಪ ತಂದ ಚಿತ್ರ ಪೂರ್ತಿ ಅಲುಗಾಡುತ್ತಿತ್ತು, ಅರ್ಧದಷ್ಟು ಬರೀ ಛಾವಣಿ. ಆದರೆ ಹಾಡು ಸರಿಯಾಗಿ ಬಿದ್ದಿತ್ತು. ಶೆಡ್ಡಿನ ಹೆಂಗಸರು ಒಲೆ ಆರಿಸದೆ ಬಂದು ಕೂತು ಕೇಳಿದರು.

ಅವರ ಲೈನಿನ ವಿಶೇಷ ಅದೇ. ದೊಡ್ಡ ಕಂಪನಿಗಳು ಕೊಡುವ ಸಿನಿಮಾ, ಧಾರಾವಾಹಿಗಳ ಜತೆಗೆ ಊರಿನವರದ್ದೇ ಚಿತ್ರಗಳ ಒಂದು ರಾಶಿ ಅವರ ಮನೆಯ ಕೋಣೆಯಲ್ಲಿತ್ತು. ಬೇಕಾದವರು ಬೇಕಾದ ಹೊತ್ತಿಗೆ ಬೇಕಾದ್ದನ್ನು ಟಿವಿಯಲ್ಲಿ ಆರಿಸಿ ನೋಡಬಹುದು. ಇಂಟರ್ನೆಟ್ಟಿನ ಹಂಗಿಲ್ಲ. ತೊಂದರೆ ಒಂದೇ. ಎಲ್ಲ ಮನೆಗಳೂ ಒಟ್ಟಿಗೆ ಕೇಳಿದರೆ ಆ ಕೋಣೆಯ ಯಂತ್ರ ಏದುಸಿರು ಬಿಡುತ್ತಿತ್ತು, ಚಿತ್ರ ನಿಂತು ನಿಂತು ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ ನಾನು ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವರ ಲೈನನ್ನೇ ಹಿಡಿದೆ. ಒಂದೊಂದು ವಠಾರಕ್ಕೆ ಒಂದೊಂದು ಸಣ್ಣ ಪೆಟ್ಟಿಗೆ ಇಡೋಣ, ಆ ವಠಾರದವರು ಹೆಚ್ಚಾಗಿ ಕೇಳುವುದು ಅದರಲ್ಲೇ ಉಳಿಯಲಿ, ಎಲ್ಲರೂ ಎಲ್ಲದಕ್ಕೂ ನಿಮ್ಮ ಕೋಣೆಗೇ ಬರುವುದು ಬೇಡ ಎಂದು ಚಿತ್ರ ಬರೆದು ತೋರಿಸಿದೆ. ಅವರು ನೋಡಿದರು.

"ಮೀನಿನ ಬುಟ್ಟಿಯವಳ ಹಾಗೆ. ಎಲ್ಲರೂ ಮಲ್ಪೆ ಬಂದರಿಗೆ ಹೋಗುವುದು ಬೇಡ."

"ಹೌದು."

"ಇದಕ್ಕೆ ನಾಲ್ಕು ವರ್ಷ ಕಲಿತದ್ದಾ ನೀನು?"

ಆದರೆ ಅವರಿಗೆ ಅದು ಹಿಡಿಸಿತ್ತು. ಪೆಟ್ಟಿಗೆಗಳನ್ನು ತರಿಸಿದರು. ಜಗಳವಾದದ್ದು ಎಲ್ಲಿ ಇಡುವುದು ಎಂಬುದಕ್ಕೆ. ನಾನು ತಂತಿಯ ಉದ್ದ ಲೆಕ್ಕ ಹಾಕಿ, ವಠಾರದ ನಟ್ಟನಡುವಿನ ಮನೆಯನ್ನು ಗುರುತು ಮಾಡಿದ್ದೆ. ಅವರು ಬೀಡಿ ಬ್ರಾಂಚಿನಲ್ಲೇ ಆಗಬೇಕು ಎಂದರು. ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿಯನ್ನು ತಂದು ಒಪ್ಪಿಸುವ ಅಂಗಡಿ ಅದು. "ನಿನ್ನ ನಡುವಿನ ಮನೆಯವನು ಗೇಟಿಗೆ ಬೀಗ ಹಾಕಿ ಕೂರ್ತಾನೆ. ಪೆಟ್ಟಿಗೆ ಕೆಟ್ಟರೆ ಯಾರು ಹೇಳುವುದು? ಬ್ರಾಂಚಿಗೆ ದಿನಾ ಎಲ್ಲರೂ ಬರ್ತಾರೆ. ಮಾತು ಬಿಟ್ಟವರೂ ಬರ್ತಾರೆ."

ಲೆಕ್ಕದಲ್ಲಿ ನಾನು ಗೆದ್ದ ಸಂಗತಿಯೂ ಒಂದುಂಟು. ಊರಿನವರು ಟಿವಿ ನೋಡುವುದು ಸಂಜೆಗೆ ಎಂದು ಅವರ ನಂಬಿಕೆ, ನನ್ನ ಪುಸ್ತಕದಲ್ಲೂ ಹಾಗೇ ಇತ್ತು. ಪೆಟ್ಟಿಗೆ ಇಟ್ಟು ನೋಡಿದರೆ ನಮ್ಮಲ್ಲಿ ಲೈನ್ ತುಂಬುವುದು ಬೆಳಿಗ್ಗೆ ಗಂಜಿ ಉಂಡ ಮೇಲೆ, ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತಾಗ. ಕೈಗೆ ಮಾತ್ರ ಕೆಲಸ, ಕಣ್ಣು ಕಿವಿಗೆ ಬಿಡುವು. ಬಾಯಮ್ಮ ದುರಸ್ತಿ ಕೆಲಸವನ್ನೆಲ್ಲ ಅದೇ ಹೊತ್ತಿಗೆ ಇಟ್ಟುಕೊಂಡು ವರ್ಷಗಟ್ಟಲೆ ಬೈಗುಳ ತಿಂದಿದ್ದರು. "ಅದಕ್ಕಾ ನನಗೆ ಅಷ್ಟು ಬೈಗುಳ!" ಎಂದು ಹೊಟ್ಟೆ ಹಿಡಿದು ನಕ್ಕರು. ಮರುದಿನದಿಂದ ದುರಸ್ತಿ ಸಂಜೆಗೆ ಹೋಯಿತು.

ನಾನು ಅವರನ್ನು ಬಿಡದೆ ಪೀಡಿಸಿದ್ದು ಕುದ್ರುವಿನ ವಿಷಯಕ್ಕೆ. ನದಿಯ ನಡುವಿನ ದ್ವೀಪಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಅಲ್ಲಿ ಬೆರಳೆಣಿಕೆಯ ಮನೆಗಳು. ಹೋಗಲು ನಡೆದು ದಾಟುವ ಸಪೂರ ಸೇತುವೆ, ಒಂದು ಕಾಲುಸಂಕ. ಬಾಯಮ್ಮ ಹುಟ್ಟಿದ್ದು ಅಲ್ಲಿ. ಗಾಜಿನ ಎಳೆಯ ಸಪೂರ ಕೇಬಲನ್ನು ಒಂದು ಉಕ್ಕಿನ ತಂತಿಗೆ ಕಟ್ಟಿ, ಸಂಕದ ಕಂಬಗಳ ಮೇಲೆ ಹಾಯಿಸಿ, ಕುದ್ರುವಿಗೆ ಲೈನ್ ಕೊಟ್ಟಿದ್ದರು. ಅದು ಒಂದೇ ದಾರಿ. ಒಮ್ಮೆ ಕುದ್ರುವಿನ ಲೈನ್ ಸತ್ತಾಗ ಹೋಗಿ ನೋಡಿದರೆ, ಮನೆಯೊಂದರವರು ಕಂಬದಲ್ಲಿ ಸುತ್ತಿಟ್ಟಿದ್ದ ಹೆಚ್ಚುವರಿ ಕೇಬಲನ್ನು ಬಿಡಿಸಿ, ಅಂಗಳದುದ್ದ ಕಟ್ಟಿ, ಉಪ್ಪು ಹಾಕಿದ ಮೀನು ಒಣಗಿಸಿದ್ದರು. ಮೀನಿಗೆ ಎರಗಿದ ಗಿಡುಗ ಎಳೆದು ತುಂಡು ಮಾಡಿತ್ತು. ನಾನು ಬೈಯಲು ಬಾಯಿ ತೆರೆದೆ. ಬಾಯಮ್ಮ ಚೀಲದಿಂದ ನೈಲಾನ್ ಹಗ್ಗ ತೆಗೆದು, ಪಕ್ಕದಲ್ಲೇ ಬಿಗಿಯಾಗಿ ಕಟ್ಟಿ ಮನೆಯವಳಿಗೆ ಹೇಳಿದರು, "ಇದು ನಿನ್ನ ಮೀನಿಗೆ. ಅದು ನನ್ನದಕ್ಕೆ."

ಅಂದಿನಿಂದ ನಾನು ಹಿಡಿದ ಹಟ, ಕುದ್ರುವಿಗೆ ಎರಡನೇ ದಾರಿ ಬೇಕು. ಹೋದ ಲೈನ್ ಇನ್ನೊಂದು ಕಡೆಯಿಂದ ಸುತ್ತಿ ಬರಬೇಕು, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ನಡೆಯಬೇಕು. "ಜಪಸರದ ಹಾಗೆ" ಎಂದರು ಬಾಯಮ್ಮ. ಆದರೆ ನದಿಯ ಆಚೆ ಬದಿಗೆ ಸಂಕವಿಲ್ಲ, ದೊಡ್ಡ ಕರೆಂಟಿನ ಕಂಬ ಬಿಟ್ಟರೆ ನಮ್ಮ ತಂತಿಗೆ ಕಂಬವಿಲ್ಲ. ತಿಂಗಳುಗಟ್ಟಲೆ ಆಗುವುದಿಲ್ಲ ಎಂದವರು ಒಂದು ದಿನ ತಾವೇ ಫೋನ್ ಮಾಡಿದರು. ಕುದ್ರುವಿಗೆ ಕುಡಿಯುವ ನೀರು ಬರುವುದು ಆಚೆ ದಡದಿಂದ, ನದಿಯ ತಳದಲ್ಲಿ ಹಾಸಿದ ಕಪ್ಪು ಪೈಪಿನಲ್ಲಿ. ಅದಕ್ಕೇ ಕೇಬಲ್ ಕಟ್ಟಿದರೆ? ಪಂಚಾಯತಿನವರನ್ನು ಒಪ್ಪಿಸಿದರು. ಇಳಿತದ ಹೊತ್ತಿಗೆ ಚಿಪ್ಪುಮೀನು ಹೆಕ್ಕುವ ಹೆಂಗಸರು ಸೊಂಟದ ನೀರಿನಲ್ಲಿ ಸಾಲಾಗಿ ನಿಂತು ಕಟ್ಟಿಕೊಟ್ಟರು. ಬಾಯಮ್ಮ ಮುಂದೆ, ನಾನು ಹಿಂದೆ.

ಅದೇ ಬೇಸಿಗೆಯಲ್ಲಿ ದೊಡ್ಡ ಕಂಪನಿಯ ಗುತ್ತಿಗೆದಾರ ಬಂದ. ಕಾಪು ಕಡೆಯ ಸಣ್ಣ ಕೇಬಲಿನವರು ಒಬ್ಬೊಬ್ಬರಾಗಿ ಮಾರಿಬಿಟ್ಟಿದ್ದರು. ಮಾರದಿದ್ದವರ ಲೈನುಗಳು ಹೇಗೋ ಕಡಿದುಹೋಗುತ್ತಿದ್ದವು.

"ಬಾಯಮ್ಮ, ಎಲ್ಲರ ಕೈಯಲ್ಲೂ ಫೋನ್ ಉಂಟು. ನಿಮ್ಮ ಭಜನೆ, ಸ್ಕೂಲ್ ಡೇ ಎಲ್ಲ ಯಾರು ನೋಡ್ತಾರೆ?"

"ಅವರವರದ್ದು ಅವರವರು ನೋಡ್ತಾರೆ."

"ಕುದ್ರುವಿನಲ್ಲಿ ಸರಿಯಾಗಿ ಹತ್ತು ಮನೆಯೂ ಇಲ್ಲ. ಅಲ್ಲಿಗೆ ಯಾವ ಕಂಪನಿಯೂ ಲೈನ್ ಎಳೆಯುವುದಿಲ್ಲ."

"ಅದಕ್ಕೇ ನಾನು ಎಳೆದದ್ದು."

"ಈ ಕಂಬ ನಮಗೆ ಬೇಕು. ಕೊಡದಿದ್ದರೆ ಕಷ್ಟ ಆಗ್ತದೆ."

"ಆಯ್ತು. ಮತ್ತೆಂತ?"

ಯಾರೇ ಹೆದರಿಸಲಿ, ಅವರ ಉತ್ತರ ಆ ಎರಡೇ ಮಾತು. ನಿನ್ನ ಬೆದರಿಕೆ ಮುಗಿದಿದ್ದರೆ ಬೇರೆ ವಿಷಯ ಮಾತಾಡೋಣ ಎನ್ನುವ ಧಾಟಿ.

ಕಂಬಗಳು ಪಂಚಾಯತಿನವು, ಆತ ಅಲ್ಲಿಗೇ ಹೋದ. ಈ ಹೆಂಗಸಿನ ಲೈನ್ ಒಂದು ಮಳೆಗಾಲ ಬಾಳುವುದಿಲ್ಲ, ಕಂಬ ನಮಗೆ ಕೊಡಿ ಎಂದ. ಬಾಯಮ್ಮ ಎದ್ದು ನಿಂತು, "ಈ ಮಳೆಗಾಲ ಕುದ್ರುವಿನಿಂದ ಟಿವಿ ಹೋಯಿತು ಅಂತ ಒಂದು ದೂರು ಬಂದರೆ ನಾನೇ ಕಂಬ ಬಿಟ್ಟುಕೊಡ್ತೇನೆ" ಎಂದರು. ಪಂಚಾಯತು ಒಪ್ಪಿತು. ಹೊರಗೆ ಬಂದು ಕೇಳಿದೆ, "ಯಾಕೆ ಹಾಗೆ ಹೇಳಿದಿರಿ? ನೀರಿನೊಳಗಿನ ಲೈನ್ ಒಂದು ಮಳೆಯನ್ನೂ ನೋಡಿಲ್ಲ."

"ನಿನ್ನ ಲೆಕ್ಕ ಸರಿ ಉಂಟಲ್ಲ?"

"ಉಂಟು."

"ಮತ್ತೆಂತ?"

ಆಷಾಢದ ಒಂದು ಮಧ್ಯಾಹ್ನ ಕುದ್ರುವಿನವಳೊಬ್ಬಳು ಫೋನ್ ಮಾಡಿ, ಸಂಕದ ಬಳಿ ಯಾರೋ ನಿಮ್ಮ ತಂತಿ ಬಿಚ್ಚುತ್ತಿದ್ದಾರೆ ಎಂದಳು. ನಾನು ಆಗ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ್ದೆ, ಅಂದು ರಜೆ. ಏಣಿ ಹೊತ್ತುಕೊಂಡು ಇಬ್ಬರೂ ಓಡಿದೆವು. ಮಳೆ ನಿಂತಿತ್ತು. ನದಿ ಕೆಂಪಾಗಿ ಸಂಕದ ಹಲಗೆಯ ಹತ್ತಿರದವರೆಗೆ ಏರಿತ್ತು. ದಡದ ಕಂಬದ ಕ್ಲಾಂಪಿನಿಂದ ನಮ್ಮ ತಂತಿಯನ್ನು ಆಗಲೇ ಸಡಿಲ ಮಾಡಿದ್ದರು. ಗುತ್ತಿಗೆದಾರ ಜೀಪಿನ ಪಕ್ಕ ನಿಂತಿದ್ದ. ಸಂಕದ ನಡುವಿನ ಕಂಬದಲ್ಲಿ ಒಬ್ಬ ಕೆಲಸದವನು ದೊಡ್ಡ ಕತ್ತರಿ ಹಿಡಿದಿದ್ದ. ನಮ್ಮ ಶೆಡ್ಡುಗಳ ಸಾಲಿನವನೇ, ನನಗೆ ಮುಖ ಗೊತ್ತಿತ್ತು.

ಕಂಬ ಹತ್ತುವ ಮೊದಲು ಲೈನ್‌ಮನ್‌ಗೆ ಫೋನ್ ಮಾಡಿ ಕರೆಂಟು ತೆಗೆಸುವುದು ಬಾಯಮ್ಮನ ನಿಯಮ. ಅಂದು ಮಾಡಲಿಲ್ಲ. ಏಣಿ ಒರಗಿಸಿ, ನನಗೆ ಹಿಡಿಯಲು ಹೇಳಿ, ಸರಸರ ಹತ್ತಿದರು. ಸಡಿಲವಾದ ತಂತಿಯನ್ನು ಎಳೆದು ಕ್ಲಾಂಪಿಗೆ ಸೇರಿಸತೊಡಗಿದರು. "ಕಡಿಯೋ" ಎಂದ ಗುತ್ತಿಗೆದಾರ. ಕೆಲಸದವನು ಕಡಿದ.

ಆ ಸದ್ದು ದೊಡ್ಡದಲ್ಲ. ಟಕ್, ಅಷ್ಟೇ. ಈಗಲೂ ಯಾರಾದರೂ ಬೀಗ ಹಾಕಿದರೆ ನನಗೆ ಅದು ಕೇಳುತ್ತದೆ.

ಕಡಿದ ತುದಿಯನ್ನು ಅವನು ನೀರಿಗೆ ಬಿಡಲಿಲ್ಲ. ಉಕ್ಕು ಗುಜರಿಗೆ ಹೋಗುತ್ತದೆಂದು ಮುಷ್ಟಿಗೆ ಸುತ್ತಿಕೊಳ್ಳತೊಡಗಿದ. ಬಿಗಿ ತಪ್ಪಿದ ತಂತಿ ಜೋಲಿ ಹೊಡೆಯುತ್ತ ದಡದುದ್ದಕ್ಕೆ ಹೋಗುವ ಕರೆಂಟಿನ ಲೈನಿನತ್ತ ತೂಗತೊಡಗಿತು. ಮೇಲಿದ್ದ ಬಾಯಮ್ಮನಿಗೆ ಅದು ಮೊದಲು ಕಂಡಿತು. ತಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಕೂಗಿದರು.

"ಏ ತಮ್ಮಾ, ತಂತಿ ಬಿಡು!"

ತನ್ನ ಗುಜರಿ ಕಿತ್ತುಕೊಳ್ಳಲು ಕೂಗುತ್ತಿದ್ದಾರೆ ಎಂದುಕೊಂಡನೋ ಏನೋ, ಅವನು ಇನ್ನೂ ಗಟ್ಟಿಯಾಗಿ ಹಿಡಿದ. ಆಗ ಅವರು ನಮ್ಮ ಅವ್ವನ ಮಾತಿನಲ್ಲಿ ಕೂಗಿದರು.

"ಒಗಿಯೋ ಅದನ್ನ! ಕರೆಂಟ್ ಐತಿ!"

ಅವನು ಮುಷ್ಟಿ ಬಿಡಿಸಿ ಒಗೆದ. ಬಾಯಮ್ಮ ನನ್ನತ್ತ ಬಗ್ಗಿ, ಕೂಗದೆ, ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದರು, "ಏಣಿ ಬಿಡು. ಹಿಂದೆ ಹೋಗು." ನಾನು ಬಿಟ್ಟೆ. ಅವರು ಏಣಿಯಿಂದ ನದಿಗೆ ಹಾರಿದರು. ತಂತಿ ಕರೆಂಟಿನ ಲೈನಿಗೆ ತಾಗಿತು. ನೀಲಿ ಬೆಳಕು ಬಂದು, ಎಲ್ಲೋ ಢಂ ಎಂದು, ಎಲ್ಲ ನಿಂತಿತು. ಕಂಬದ ತಲೆಯಿಂದ ಹೊಗೆ ಏಳುತ್ತಿತ್ತು, ಅವರು ಈಗಷ್ಟೇ ಇದ್ದ ಜಾಗದಿಂದ.

ನನ್ನನ್ನು ಬಿಡದಿರುವುದು ಆ ಬೆಳಕಲ್ಲ, ಆ ಸರದಿ. ಮೊದಲು ಕಡಿದವನಿಗೆ ಹೇಳಿದರು, ಅವನಿಗೆ ತಿಳಿಯುವ ಮಾತಿನಲ್ಲಿ ಎರಡನೇ ಸಲವೂ ಹೇಳಿದರು. ಆಮೇಲೆ ನನಗೆ. ಕೊನೆಗೆ ಉಳಿದ ಚೂರು ಹೊತ್ತಿನಲ್ಲಿ ತಾವು ಹಾರಿದರು. ಆ ಹೊತ್ತು ಸಾಲದೆ ಹೋಗಿದ್ದರೆ ಎಂದು ನಾನು ಈಗಲೂ ಬಸ್ಸಿನಲ್ಲಿ, ಊಟದ ನಡುವೆ ಲೆಕ್ಕ ಹಾಕುತ್ತೇನೆ. ಒಂದೊಂದು ಸಲ ನನ್ನ ಲೆಕ್ಕದಲ್ಲಿ ಅದು ಸಾಲುವುದಿಲ್ಲ.

ಕೆಳಗೆ, ನೀರಿನಂಚಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ಹಿಡಿದುಕೊಂಡು ಅವರು ನೇತಾಡುತ್ತಿದ್ದರು. ನಾನು ಒಂದು ಕೈ ಹಿಡಿದೆ. ಇನ್ನೊಂದನ್ನು ಹಿಡಿದು ಎಳೆದವನು ತಂತಿ ಕಡಿದವನು. ಜೀಪು ಆಗಲೇ ಹೋಗಿತ್ತು.

ಭುಜದ ಮೂಳೆ ಮುರಿದಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿದವರು ಕಣ್ಣು ಬಿಟ್ಟೊಡನೆ ಕೇಳಿದರು.

"ಕುದ್ರುವಿನಿಂದ ಯಾರಾದರೂ ಫೋನ್ ಮಾಡಿದರಾ? ಟಿವಿ ಹೋಯಿತು ಅಂತ?"

ನನಗೆ ಆವರೆಗೆ ಅದರ ನೆನಪೇ ಆಗಿರಲಿಲ್ಲ. ಫೋನ್ ತೆಗೆದು ನೋಡಿದೆ. ಯಾರೂ ಮಾಡಿರಲಿಲ್ಲ. ನಾನೇ ಕುದ್ರುವಿನ ಮನೆಗೆ ಫೋನ್ ಹಚ್ಚಿದೆ. ಅವರ ಕರೆಂಟು ಆಚೆ ದಡದಿಂದ ಬರುವುದು, ಹಾಗಾಗಿ ಅದೂ ಇತ್ತು. "ಟಿವಿ ಬರ್ತಾ ಉಂಟಾ?" ಎಂದರೆ ಆ ಹೆಂಗಸು, "ಉಂಟಲ್ಲ, ಮಗುವಿನ ಡ್ಯಾನ್ಸ್ ನೋಡ್ತಾ ಇದ್ದೇವೆ. ಯಾಕೆ, ಹೋಗ್ತದಾ?" ಎಂದಳು. ನದಿಯ ತಳದಲ್ಲಿ, ನೀರಿನ ಪೈಪಿನ ಬೆನ್ನಿಗೆ ಅಂಟಿಕೊಂಡು, ನಮ್ಮ ಎರಡನೇ ದಾರಿ ಆ ಪ್ರವಾಹದಲ್ಲೂ ನಡೆಯುತ್ತಿತ್ತು.

ಬಾಯಮ್ಮ ಗೋಡೆಯ ಕಡೆ ತಿರುಗಿದರು. "ಲೈನ್‌ಮನ್‌ಗೆ ಫೋನ್ ಮಾಡದೆ ಹತ್ತಿದ್ದು ನನ್ನ ತಪ್ಪು" ಎಂದರು. "ನಿನ್ನನ್ನೂ ನಿಲ್ಲಿಸಿದೆ ಅಲ್ಲಿ. ಸಿಟ್ಟು ಬಂದಾಗ ನನಗೆ ಕಣ್ಣು ಕಾಣುವುದಿಲ್ಲ. ನೀನು ಹಾಗೆ ಮಾಡಬೇಡ."

ಮರುದಿನ ಆ ಕೆಲಸದವನು ಎಳನೀರು ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಕರೆದರು.

"ನಿಮ್ ತಂತಿ ಕಡದೀನ್ರೀ ನಾ. ನನ್ನ ಯಾಕ ಉಳಿಸಿದ್ರಿ?"

"ನೀನು ಸತ್ತರೆ ಪೊಲೀಸರು ಬಂದು ನನ್ನ ಲೈನ್ ಬಂದ್ ಮಾಡ್ತಾರೆ ಮಾರಾಯ. ಅದಕ್ಕೆ." ಎಳನೀರು ಕುಡಿದು ಬಾಯಿ ಒರೆಸಿಕೊಂಡರು. "ಕಡಿಯಲಿಕ್ಕೆ ಬರ್ತದೆ ನಿನಗೆ. ಕಟ್ಟಲಿಕ್ಕೆ ಬರ್ತದಾ?"

ಈಗ ನಮ್ಮ ಕಂಬಗಳನ್ನು ಹತ್ತುವವನು ಅವನೇ. ಲೈನ್‌ಮನ್‌ಗೆ ಫೋನ್ ಮಾಡದೆ ಏಣಿ ಮುಟ್ಟುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಪಂಚಾಯತಿನಲ್ಲಿ ಗುತ್ತಿಗೆದಾರ, ಆಷಾಢದಲ್ಲಿ ಸಂಕದ ಲೈನ್ ತುಂಡಾಗಿತ್ತು, ಕುದ್ರುವಿಗೆ ಟಿವಿ ಇರಲಿಲ್ಲ ಎಂದು ಎದ್ದು ನಿಂತ. ಕುದ್ರುವಿನ ಹೆಂಗಸರು ದೋಣಿಯಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. "ಯಾವತ್ತು ಇರಲಿಲ್ಲ?" ಎಂದು ಒಬ್ಬಳು ಕೇಳಿದಳು. "ನಾವು ನೋಡ್ತಾ ಇದ್ದೆವಲ್ಲ. ಲೈನ್ ತುಂಡಾದದ್ದು ನಿಮಗೆ ಹೇಗೆ ಗೊತ್ತು?" ಆತ ಕೂತ. ಬಾಯಮ್ಮ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇನ್ನೂ ತೂಗುತ್ತಿದ್ದ ಕೈಯಿಂದಲೇ ನನ್ನನ್ನು ತಿವಿದರು. ಕಂಬ ನಮ್ಮಲ್ಲೇ ಉಳಿಯಿತು.

ಮುಂದಿನ ಮಳೆಗಾಲ ನೋಡಲು ಅವರಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಂಗಳದ ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಮೊದಲೇ ಹೇಳಿದ್ದರು, "ನಾನು ಸತ್ತ ದಿನ ಟಿವಿಯಲ್ಲಿ ನನ್ನ ಫೋಟೋ ಹಾಕಿ ಎಲ್ಲ ನಿಲ್ಲಿಸಬೇಡ. ಜನ ನೋಡುವುದನ್ನು ನೋಡಲಿ." ಹಾಗೇ ಮಾಡಿದೆ. ಕಂಪನಿಯವರು ತಿಂಗಳೊಳಗೆ ಮತ್ತೆ ಬಂದರು. ಮಣಿಪಾಲದ ಕೆಲಸ ಬಿಟ್ಟು ನಾನು ಬಾಯಮ್ಮ ನನಗೇ ವಹಿಸಿದ್ದ ಕೋಣೆಯಲ್ಲಿ ಕೂತಿದ್ದೆ. ಚಿತ್ರಗಳ ರಾಶಿಯನ್ನಾದರೂ ಕೊಡಿ ಎಂದರು, ಶುರುವಿನ ಆ ಕೈ ಎಲ್ಲ ಕತ್ತರಿಸಿ ಚಂದ ಮಾಡುತ್ತೇವೆ ಎಂದರು. ಮಾರುವುದಿಲ್ಲ ಎಂದೆ. ಏನೇನೋ ಹೇಳಿ ಹೆದರಿಸಿದರು. "ಆಯ್ತು. ಮತ್ತೆಂತ?" ಎಂದೆ.

ಇದಕ್ಕೂ ಮೊದಲು, ಬಾಯಮ್ಮನನ್ನು ಮಣ್ಣು ಮಾಡಿದ ದಿನ ನಾನು ಇಗರ್ಜಿಯ ಸ್ಮಶಾನ ಸಿಮಿತ್ರಿಯಿಂದ ನೇರ ಬೀಡಿ ಬ್ರಾಂಚಿಗೆ ಹೋದೆ. ದಾರಿಯಲ್ಲಿ ಫೋನಿನಲ್ಲಿ ಪೆಟ್ಟಿಗೆಗಳ ಲೆಕ್ಕ ನೋಡುವಾಗ ಅಲ್ಲಿಯ ಪೆಟ್ಟಿಗೆ ವಿಚಿತ್ರವಾಗಿ ವರ್ತಿಸುತ್ತಿತ್ತು. ಚಿತ್ರ ಶುರುವಾಗುವುದು, ತಕ್ಷಣ ನಿಲ್ಲುವುದು, ಇನ್ನೊಂದು ಶುರುವಾಗುವುದು, ಅದೂ ನಿಲ್ಲುವುದು. ಎಲ್ಲೋ ಲೈನ್ ಕಡಿದಿದ್ದಾರೆ, ಇಂಥ ದಿನವೂ ಬಿಡಲಿಲ್ಲ ಎಂದು ಮೈಯೆಲ್ಲ ಉರಿಯಿತು. ಓಡುತ್ತಲೇ ಒಳಗೆ ಹೋದೆ.

ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಮೊರಗಳು ಪಕ್ಕದಲ್ಲಿದ್ದವು, ಯಾರೂ ಬೀಡಿ ಕಟ್ಟುತ್ತಿರಲಿಲ್ಲ. ಬ್ರಾಂಚಿನವಳ ಕೈಯಲ್ಲಿ ರಿಮೋಟ್ ಇತ್ತು. ಟಿವಿಯಲ್ಲಿ ಒಂದು ಅಂಗೈ ಬಂತು, ಬಿಳಿ ಗೆರೆ ಬಂತು, ಬೈರಾಸು ಬಂತು. "ಎದುರಿನವರು ಸ್ವಲ್ಪ ಕೂತ್ಕೊಳ್ಳಿ" ಎಂದಿತು ದನಿ. ಅಷ್ಟಕ್ಕೆ ಪರದೆ ಕಪ್ಪಾಯಿತು. ನಾನು ಚೀಲ ಇಳಿಸಿ ಪೆಟ್ಟಿಗೆಯ ಕಡೆ ನಡೆದೆ.

"ಅದನ್ನು ಮುಟ್ಟಬೇಡ" ಎಂದಳು ಅವಳು. "ಲೈನ್ ಸರಿ ಉಂಟು ಮಾರಾಯ್ತಿ. ನಾವೇ ನಿಲ್ಲಿಸ್ತಾ ಇರುವುದು."

ಪಕ್ಕದವಳು ಸರಿದು ಜಾಗ ಮಾಡಿಕೊಟ್ಟಳು. ಬ್ರಾಂಚಿನವಳು ಇನ್ನೊಂದನ್ನು ಹಾಕಿದಳು. ಮತ್ತೆ ಅದೇ ಅಂಗೈ ಬಂತು.